ವೋಚರ್‌ಗೆ ಉಯಿಲು ಬರೆಯಲಾಗದು: ನ್ಯೂಜೆರ್ಸಿಯ ಒಂದು ಕುಟುಂಬದ ಪ್ರಕರಣ

ತಾಯಿ, ಮಗ, ಮಗಳು, ಮಗಳ ಆರು ವರ್ಷದ ಗಂಡುಮಗು. ಈ ಪ್ರಕರಣದಲ್ಲಿರುವವರು ಇಷ್ಟೇ ಜನ. ತಾಯಿಯ ಹೆಸರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಬಾಡಿಗೆ ನೆರವು ಬರುತ್ತಿತ್ತು. ಜನರ ಬಾಯಲ್ಲಿ ಅದು ‘ಸೆಕ್ಷನ್ 8’, ಕಾಗದದಲ್ಲಿ ‘ಹೌಸಿಂಗ್ ಚಾಯ್ಸ್ ವೋಚರ್’. ತಾಯಿಯ ಮೂತ್ರಪಿಂಡಗಳು ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದಾಗ, ಮನೆಯವರು ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಿದ್ದ ಪ್ರಶ್ನೆ ಎದ್ದು ನಿಂತಿತು: ಅವರ ನಂತರ ಈ ವೋಚರ್ ಯಾರ ಹೆಸರಿಗೆ?

ಬಾಡಿಗೆದಾರರ ಅರ್ಜಿ, ಪತ್ರ, ವಿಚಾರಣೆಗಳಲ್ಲಿ ನೆರವಾಗುವುದು ನನ್ನ ಕೆಲಸ. ಕನ್ನಡ ಬರುತ್ತದೆ ಎಂಬ ಕಾರಣಕ್ಕೆ ಈ ಕಡತ ನನ್ನ ಮೇಜಿಗೆ ಬಂತು. ಗುರುತು ಸಿಗದಂತೆ ಊರು, ಕಚೇರಿಗಳ ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಲೆಕ್ಕ ಹಾಕಲು ಸುಲಭವಾಗುವಂತೆ ದುಂಡಾಗಿಸಿದ್ದೇನೆ. ನಿಯಮಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಅಮೆರಿಕದ ಕನ್ನಡಿಗರೆಂದರೆ ಎಲ್ಲರೂ ಸಾಫ್ಟ್‌ವೇರ್‌ನವರು, ಅವರಿಗೇಕೆ ಸರ್ಕಾರದ ಬಾಡಿಗೆ ನೆರವು ಎಂದು ಊರಿನಲ್ಲಿರುವವರು ಹುಬ್ಬೇರಿಸಬಹುದು. ಒಡಹುಟ್ಟಿದವರ ಪ್ರಾಯೋಜನೆಯಲ್ಲಿ ಹತ್ತು ಹದಿನೈದು ವರ್ಷ ಕಾದು ಗ್ರೀನ್ ಕಾರ್ಡ್ ಪಡೆದು ಬರುವವರ ಲೋಕವೇ ಬೇರೆ. ನಡುವಯಸ್ಸಿನಲ್ಲಿ ಬರುತ್ತಾರೆ, ಇಲ್ಲಿನ ಪದವಿ ಇರುವುದಿಲ್ಲ, ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಈ ತಾಯಿ ಗಂಡ, ಇಬ್ಬರು ಮಕ್ಕಳೊಂದಿಗೆ ಬಂದದ್ದು ಅಣ್ಣನ ಅರ್ಜಿಯ ಮೇಲೆ. ನ್ಯೂಜೆರ್ಸಿಯಲ್ಲಿ ಗಿರಾಕಿ ತಾನೇ ಪೆಟ್ರೋಲ್ ತುಂಬಿಕೊಳ್ಳುವಂತಿಲ್ಲ, ಆದ್ದರಿಂದ ಪಂಪುಗಳಲ್ಲಿ ಆಳು ಬೇಕು. ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತು. ಹೆಂಡತಿಗೆ ಉಗ್ರಾಣವೊಂದರಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಗಂಡ ತೀರಿಕೊಂಡ ಮೇಲೆ, ಕಾಯುವ ಪಟ್ಟಿಯಲ್ಲಿ ವರ್ಷಗಟ್ಟಲೆ ಇದ್ದ ಹೆಸರು ಮೇಲೆ ಬಂದು ವೋಚರ್ ಸಿಕ್ಕಿತು. ಆಗ ಕುಟುಂಬದ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. ಮಗಳು ಮದುವೆಯಾಗಿ ಹೋದಳು, ಒಂದು ಹೆಸರು ತೆಗೆಸಿದರು. ಮಗನಿಗೆ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಸಿಕ್ಕಿತು, ಅವನ ಹೆಸರನ್ನೂ ತೆಗೆಸಿದರು. ತಾಯಿ ಈ ವಿಷಯದಲ್ಲಿ ಅಚ್ಚುಕಟ್ಟು. ಎರಡು ಸಲವೂ ಕಚೇರಿಗೆ ಹೋಗಿ ನಮೂನೆಗೆ ಸಹಿ ಹಾಕಿ, ಪ್ರತಿ ತಂದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು.

ಅದೇ ಡಬ್ಬಿಯಲ್ಲಿ ಇನ್ನೊಂದು ಕಾಗದವಿತ್ತು. ನೋಟರಿಯ ಮೊಹರು ಬಿದ್ದ ಉಯಿಲು. ಬ್ಯಾಂಕಿನಲ್ಲಿದ್ದ ಸ್ವಲ್ಪ ಹಣ, ಎರಡೆಳೆ ಸರ, ನಾಲ್ಕು ಬಳೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ನನ್ನ ಸೆಕ್ಷನ್ 8 ನನ್ನ ಮಗನಿಗೆ ಸೇರತಕ್ಕದ್ದು. ಮಗಳು ಗಂಡನನ್ನು ಬಿಟ್ಟು ಮಗುವಿನೊಂದಿಗೆ ವಾಪಸು ಬರುವ ಮೊದಲು ಬರೆಸಿದ್ದು ಅದು. “ಊರಿನಲ್ಲಿ ಯಜಮಾನರು ಹೋದ ಮೇಲೆ ಪೌತಿ ಖಾತೆ ಮಾಡಿಸಿದ ಹಾಗೆಯೇ ಅಲ್ಲವೇನಮ್ಮ ಇದು?” ಎಂದು ತಾಯಿ ನನ್ನನ್ನು ಕೇಳಿದರು.

ಅಲ್ಲ. ಜಮೀನಿನ ಖಾತೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವುದು ಅದು ಸ್ವತ್ತಾದ್ದರಿಂದ. ವೋಚರ್ ಸ್ವತ್ತಲ್ಲ. ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಉಯಿಲಿನಲ್ಲಿ ಬರೆಯುವಂತಿಲ್ಲ. ಬರೆದರೂ ಆ ಸಾಲಿಗೆ ಬೆಲೆ ಇಲ್ಲ. ನೋಟರಿ ಮೊಹರು ಒತ್ತಿದ್ದು ಸಹಿ ಹಾಕಿದವರು ಇವರೇ ಎಂಬುದಕ್ಕೆ, ಬರೆದದ್ದು ನಡೆಯುತ್ತದೆ ಎಂಬುದಕ್ಕಲ್ಲ.

ನೆರವು ಯಾರದು

ಯೋಜನೆಯ ಬೇರು 1937ರ ಅಮೆರಿಕದ ವಸತಿ ಕಾಯ್ದೆಯಲ್ಲಿದೆ. ಅದರ 8ನೇ ಸೆಕ್ಷನ್‌ನಡಿ ಈ ಬಗೆಯ ಬಾಡಿಗೆ ನೆರವು ಸೇರಿದ್ದು 1974ರಲ್ಲಿ. ಹಣ ಕೊಡುವುದು ವಾಷಿಂಗ್ಟನ್‌ನ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ, ಅಂದರೆ ಎಚ್‌ಯುಡಿ. ನಡೆಸುವುದು ಸ್ಥಳೀಯ ವಸತಿ ಪ್ರಾಧಿಕಾರಗಳು. ದೇಶದಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಕಚೇರಿಗಳಿವೆ. ಕುಟುಂಬ ತನ್ನ ಆದಾಯದ ಸುಮಾರು ಶೇ 30ರಷ್ಟನ್ನು ಬಾಡಿಗೆಗೆ ಹಾಕುತ್ತದೆ. ಉಳಿದದ್ದನ್ನು, ನಿಗದಿತ ಮಿತಿಯೊಳಗೆ, ಪ್ರಾಧಿಕಾರ ನೇರವಾಗಿ ಮನೆ ಮಾಲೀಕನಿಗೆ ಕಟ್ಟುತ್ತದೆ.

ನಮ್ಮ ಪ್ರಕರಣದಲ್ಲಿ ಎರಡು ಮಲಗುವ ಕೋಣೆಯ ಮನೆಗೆ ತಿಂಗಳ ಬಾಡಿಗೆ 1,900 ಡಾಲರ್. ತಾಯಿಯ ಪಿಂಚಣಿ 1,000 ಡಾಲರ್. ವಯಸ್ಸಾದವರಿಗೆ, ಔಷಧದ ಖರ್ಚಿಗೆ ಸಿಗುವ ಕಡಿತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳುವುದಾದರೆ ಅವರು ಕೊಡುತ್ತಿದ್ದದ್ದು 300, ಸರ್ಕಾರ ಕೊಡುತ್ತಿದ್ದದ್ದು 1,600. ಒಬ್ಬರಿಗೆ ಎರಡು ಕೋಣೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ವೈದ್ಯರ ಪತ್ರದಲ್ಲಿತ್ತು: ರಾತ್ರಿ ಆರೈಕೆಗೆ ಬರುವವರಿಗೆ ಒಂದು ಕೋಣೆ ಬೇಕು ಎಂದು ಕಚೇರಿ ಒಪ್ಪಿತ್ತು. ಈ ವಿವರ ಮುಂದೆ ಬೇಕಾಗುತ್ತದೆ.

ನೆರವು ಮಂಜೂರಾಗುವುದು ಕುಟುಂಬಕ್ಕೆ, ಕುಟುಂಬದ ಯಜಮಾನ ಅಥವಾ ಯಜಮಾನಿಗೆ ಮಾತ್ರವಲ್ಲ. ಕೇಂದ್ರದ ನಿಯಮಾವಳಿಯಲ್ಲಿ ಕುಟುಂಬ ಎಂಬುದರ ವ್ಯಾಖ್ಯಾನದೊಳಗೇ ‘ಬಾಡಿಗೆದಾರ ಕುಟುಂಬದಲ್ಲಿ ಉಳಿದ ಸದಸ್ಯ’ ಎಂಬ ಮಾತಿದೆ. ಯಜಮಾನಿ ತೀರಿಕೊಂಡರೆ, ಪ್ರಾಧಿಕಾರದ ಒಪ್ಪಿಗೆ ಪಡೆದು ಪಟ್ಟಿಯಲ್ಲಿ ಇದ್ದ ಇನ್ನೊಬ್ಬ ಸದಸ್ಯ ಉಳಿಯುತ್ತಾನೆ, ನೆರವೂ ಉಳಿಯುತ್ತದೆ. ಅಲ್ಲಿ ವರ್ಗಾವಣೆ ಎಂಬುದೇ ಇಲ್ಲ. ಕುಟುಂಬ ಮುಂದುವರಿಯುತ್ತದೆ, ಯಜಮಾನಿಕೆ ಬದಲಾಗುತ್ತದೆ. ಪಟ್ಟಿಯಲ್ಲಿ ಒಬ್ಬರೇ ಇದ್ದು ಅವರು ತೀರಿಕೊಂಡರೆ ಅಲ್ಲಿಗೆ ಮುಗಿಯಿತು. ಸಾವು ಸಂಭವಿಸಿದ ತಿಂಗಳ ನಂತರದ ಯಾವ ತಿಂಗಳಿಗೂ ಮಾಲೀಕನಿಗೆ ಸರ್ಕಾರದ ಹಣ ಸಲ್ಲುವುದಿಲ್ಲ. ವೋಚರ್ ಪ್ರಾಧಿಕಾರಕ್ಕೆ ಮರಳಿ, ಕಾಯುವ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ.

ಇದು ಕಠಿಣ ಎಂದು ಅನೇಕರು ನನ್ನೊಡನೆ ಜಗಳಕ್ಕೆ ಬರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಈ ದೇಶದಲ್ಲಿ ಕೇಂದ್ರದ ಬಾಡಿಗೆ ನೆರವು ಸಿಗುತ್ತದೆ. ನಮ್ಮ ಪಕ್ಕದ ನ್ಯೂಯಾರ್ಕ್ ನಗರದಲ್ಲಿ ಕಾಯುವ ಪಟ್ಟಿ ಸುಮಾರು 15 ವರ್ಷ ಮುಚ್ಚಿದ್ದು 2024ರ ಜೂನ್‌ನಲ್ಲಿ ಒಂದು ವಾರ ತೆರೆಯಿತು. 6 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಲಾಟರಿ ಎತ್ತಿ 2 ಲಕ್ಷ ಮಂದಿಯನ್ನು ಸೇರಿಸಿಕೊಂಡದ್ದು ಪಟ್ಟಿಗೆ, ಮನೆಗಲ್ಲ. ಇಷ್ಟು ಬರಗಾಲದಲ್ಲಿ ನೆರವು ಒಂದೇ ವಂಶದಲ್ಲಿ ಇಳಿಯುತ್ತಾ ಹೋದರೆ ಹೊರಗೆ ನಿಂತವರು ಹೊರಗೇ ಉಳಿಯಬೇಕಾಗುತ್ತದೆ.

ಈ ಕುಟುಂಬದ ಸಂಕಟ ಬೇರೆಯದೇ ಇತ್ತು. ಪಟ್ಟಿಯಲ್ಲಿದ್ದವರು ಒಬ್ಬರು, ಮನೆಯಲ್ಲಿದ್ದವರು ಮೂವರು.

ಮೂರು ದಾರಿ

ಮಗಳು ಮಗುವನ್ನು ಕರೆದುಕೊಂಡು ತಾಯಿಯ ಮನೆಗೆ ಬಂದು, ನನ್ನ ಬಳಿ ಬರುವ ಹೊತ್ತಿಗೆ ಹನ್ನೊಂದು ತಿಂಗಳಾಗಿತ್ತು. ಮೊದಲ ಮೂರು ತಿಂಗಳು ಕೆಲಸವಿರಲಿಲ್ಲ, ಆಮೇಲೆ ದಂತ ಚಿಕಿತ್ಸಾಲಯವೊಂದರ ಸ್ವಾಗತ ಮೇಜಿನಲ್ಲಿ ತಿಂಗಳಿಗೆ 2,400 ಡಾಲರ್ ಬರುವ ಕೆಲಸ. “ಇವತ್ತಲ್ಲ ನಾಳೆ ಬೇರೆ ಮನೆ ಮಾಡುತ್ತೇನೆ ಅಂತಲೇ ಇದ್ದೆ ಅಕ್ಕಾ, ಅದಕ್ಕೇ ಕಚೇರಿಗೆ ಹೇಳಲಿಲ್ಲ,” ಎಂದಳು. ಅಷ್ಟರಲ್ಲಿ ತಾಯಿಗೆ ಡಯಾಲಿಸಿಸ್ ಬಂತು. ಬೇರೆ ಮನೆಯ ಮಾತು ಅಲ್ಲಿಗೇ ನಿಂತಿತು.

ಅವರ ಮುಂದೆ ಮೂರು ಸಲಹೆಗಳಿದ್ದವು. ಮೊದಲನೆಯದು ಮಗನದು. “ಅಮ್ಮ ವೋಚರ್ ತೆಗೆದುಕೊಂಡಾಗ ನನ್ನ ಹೆಸರು ಇತ್ತು, ಉಯಿಲೂ ಇದೆ, ಆದ್ದರಿಂದ ನನ್ನದು” ಎಂಬುದು ಅವನ ವಾದ. ಅವನು ದುರಾಸೆಯವನೇನಲ್ಲ. ಪೆನ್ಸಿಲ್ವೇನಿಯಾದ ಕೆಲಸದಲ್ಲಿ ತಿಂಗಳಿಗೆ 5,500 ಸಂಪಾದಿಸುತ್ತಿದ್ದ. ನೆರವು ತನ್ನ ಹೆಸರಿಗೆ ಬಂದರೆ ತಂಗಿಯನ್ನೂ ಮಗುವನ್ನೂ ತಾನೇ ಇಟ್ಟುಕೊಳ್ಳುತ್ತೇನೆ ಎಂದು ನಿಜವಾಗಿ ಅಂದುಕೊಂಡಿದ್ದ. ಆದರೆ ಪಟ್ಟಿಯಿಂದ ತೆಗೆದ ಹೆಸರಿಗೆ ಹಳೆಯ ಹಕ್ಕೇನೂ ಉಳಿದಿರುವುದಿಲ್ಲ. ಅವನನ್ನು ಹೊಸದಾಗಿ ಸೇರಿಸಬೇಕೆಂದರೆ ಅವನು ನಿಜವಾಗಿ ಆ ಮನೆಯಲ್ಲೇ ವಾಸಿಸಬೇಕು, ಆದಾಯ ಸೇರಬೇಕು. 1,000ಕ್ಕೆ 5,500 ಸೇರಿದರೆ 6,500. ಅದರ ಶೇ 30 ಎಂದರೆ 1,950. ಬಾಡಿಗೆಯೇ 1,900. ಸರ್ಕಾರದ ಪಾಲು ಸೊನ್ನೆ. ಸೊನ್ನೆಯಾದ ಮೇಲೆ, ಕೊನೆಯ ಪಾವತಿಯಿಂದ 180 ದಿನ ಕಳೆದರೆ ಮಾಲೀಕನೊಂದಿಗಿನ ಪ್ರಾಧಿಕಾರದ ಒಪ್ಪಂದ ತಾನಾಗಿ ರದ್ದಾಗುತ್ತದೆ. ಮಗನಿಗೆ ಕೊಡಲು ಹೋದರೆ ಕೊಡುವ ವಸ್ತುವೇ ಕರಗಿ ಹೋಗುತ್ತಿತ್ತು.

ಎರಡನೆಯ ಸಲಹೆ ದೇವಸ್ಥಾನದಲ್ಲಿ ಪರಿಚಯವಾದ ಹಿರಿಯರೊಬ್ಬರದು. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಅರ್ಧ ನಿಜ. ಮಗಳನ್ನು ‘ಲಿವ್ ಇನ್ ಏಡ್’ ಎಂದು ತೋರಿಸಿ ಎಂದರು ಅವರು; ಮನೆಯಲ್ಲೇ ಇದ್ದು ರೋಗಿಯ ಆರೈಕೆ ಮಾಡುವ ಸಹಾಯಕಿ ಎಂದು. ಸಹಾಯಕಿಯ ಆದಾಯವನ್ನು ಕುಟುಂಬದ ಆದಾಯಕ್ಕೆ ಸೇರಿಸುವುದಿಲ್ಲ. ಬಾಡಿಗೆ 300ರಲ್ಲೇ ನಿಲ್ಲುತ್ತದೆ. ಆರೈಕೆಗೆಂದು ಎರಡನೆಯ ಕೋಣೆಯನ್ನು ಕಚೇರಿ ಆಗಲೇ ಒಪ್ಪಿದೆ. ಸಂಬಂಧಿಕರು ಸಹಾಯಕರಾಗಬಾರದು ಎಂಬ ನಿಷೇಧವೂ ಇಲ್ಲ. ಎಲ್ಲವೂ ಸರಿ. ಅವರು ಹೇಳದೆ ಬಿಟ್ಟದ್ದು ಒಂದು: ಸಹಾಯಕಿ ಕುಟುಂಬದ ಸದಸ್ಯಳಲ್ಲ. ತಾಯಿ ತೀರಿಕೊಂಡ ದಿನ ಆರೈಕೆಯ ಕೆಲಸವೂ ತೀರಿತು. ‘ಉಳಿದ ಸದಸ್ಯ’ ಎಂದು ಕೇಳಲು ಅವಳಿಗೆ ಬಾಯಿಯೇ ಇರುವುದಿಲ್ಲ. ಆ ಕಚೇರಿಯ ಸಹಾಯಕಿಯ ನಮೂನೆಯ ಎರಡನೆಯ ಪುಟದಲ್ಲಿ ಇದೇ ಮಾತು ಅಚ್ಚಾಗಿದೆ. ಸಹಿ ಹಾಕುವ ಜಾಗ ಮೊದಲ ಪುಟದಲ್ಲಿದ್ದರೆ ಎರಡನೆಯ ಪುಟವನ್ನು ಓದುವವರು ಯಾರು?

ನಿಯಮದ ಪ್ರಕಾರವೂ ಅವಳು ಸಹಾಯಕಿ ಆಗುವುದು ಕಷ್ಟವಿತ್ತು. ಆರೈಕೆಗೆ ಅವಳು ಅತ್ಯಗತ್ಯ ಎಂದು ತೀರ್ಮಾನವಾಗಬೇಕು, ರೋಗಿಯನ್ನು ಸಾಕುವ ಹೊಣೆ ಅವಳ ಮೇಲಿರಬಾರದು, ಆರೈಕೆಯ ಕಾರಣವಿಲ್ಲದಿದ್ದರೆ ಅವಳು ಆ ಮನೆಯಲ್ಲಿ ಇರುತ್ತಿರಲಿಲ್ಲ ಎನ್ನುವಂತಿರಬೇಕು. ಈ ಮೂರನೆಯದರಲ್ಲಿ ಅವಳು ಸಿಕ್ಕಿಬೀಳುತ್ತಾಳೆ. ಅವಳು ಬಂದದ್ದು ತಾಯಿಗೆ ಕಾಯಿಲೆ ಬಂತೆಂದಲ್ಲ, ತನಗೆ ಬೇರೆ ಮನೆ ಇರಲಿಲ್ಲವೆಂದು. ಸುಳ್ಳು ಬರೆದು ಸಹಿ ಮಾಡಿದರೆ ಅದು ವಂಚನೆ.

ಮೂರನೆಯ ದಾರಿ ನೇರವಾದದ್ದು, ದುಬಾರಿಯದ್ದು. ಮಗಳನ್ನೂ ಮಗುವನ್ನೂ ಕುಟುಂಬದ ಸದಸ್ಯರಾಗಿ ಸೇರಿಸಿಕೊಳ್ಳಲು ಅನುಮತಿ ಕೇಳುವುದು. ಹುಟ್ಟಿದ ಮಗು, ದತ್ತು ಮಗು, ನ್ಯಾಯಾಲಯ ಸುಪರ್ದಿಗೆ ಕೊಟ್ಟ ಮಗು ಆದರೆ ಕಚೇರಿಗೆ ತಿಳಿಸಿದರೆ ಸಾಕು. ಉಳಿದ ಯಾರೇ ಆಗಲಿ ಮೊದಲು ಅನುಮತಿ, ಆಮೇಲೆ ವಾಸ. ಮನೆ ಮಾಲೀಕನ ಲಿಖಿತ ಒಪ್ಪಿಗೆಯೂ ಬೇಕು. ಆದಾಯ 1,000ಕ್ಕೆ 2,400 ಸೇರಿ 3,400 ಆಗುತ್ತದೆ, ಬಾಡಿಗೆಯ ಪಾಲು 300ರಿಂದ 1,020ಕ್ಕೆ ಏರುತ್ತದೆ.

“ತಿಂಗಳಿಗೆ 720 ಡಾಲರ್ ಜಾಸ್ತಿ. ಎಲ್ಲಿಂದ ತರಲಿ ಅಕ್ಕಾ?” ಎಂದು ಮಗಳು ಕೇಳಿದಾಗ ಕಾಗದ ತೆಗೆದು ಇನ್ನೊಂದು ಲೆಕ್ಕ ಬರೆದು ತೋರಿಸಿದೆ. ಸಹಾಯಕಿಯಾಗಿ ಉಳಿದರೆ, ತಾಯಿ ಹೋದ ಮರುತಿಂಗಳು ಅವಳ 2,400ರ ಸಂಬಳದಲ್ಲಿ ಬಾಡಿಗೆ 1,900, ಅದೂ ಮಾಲೀಕ ಇರಲು ಬಿಟ್ಟರೆ. ಸದಸ್ಯೆಯಾಗಿ ಉಳಿದರೆ 720. ಅವಳು ಬಹಳ ಹೊತ್ತು ಆ ಕಾಗದವನ್ನೇ ನೋಡಿದಳು. ತಾಯಿ ಬದುಕಿರುವಾಗಲೇ ಅವರ ಸಾವಿನ ನಂತರದ ಲೆಕ್ಕ ಹಾಕುವುದು ಎಷ್ಟು ಕಸಿವಿಸಿಯೆಂದು ನನಗೆ ಗೊತ್ತು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಈ ಲೆಕ್ಕ ಹಾಕದೆ ತಿಥಿ ಮುಗಿಸಿ ಬಂದಿರುತ್ತಾರೆ. ಆಗ ನನ್ನ ಕೈಯಲ್ಲೂ ಏನೂ ಇರುವುದಿಲ್ಲ.

ಯಾವ ನೆರವು ಎಂಬುದನ್ನು ಮೊದಲೇ ಖಚಿತ ಮಾಡಿಕೊಂಡಿದ್ದೆವು. ನ್ಯೂಜೆರ್ಸಿಯಲ್ಲಿ ಕೇಂದ್ರದ ವೋಚರ್ ಅಲ್ಲದೆ ರಾಜ್ಯದ್ದೇ ಆದ ಬಾಡಿಗೆ ನೆರವಿನ ಯೋಜನೆಯೂ ಇದೆ, ಅದರ ನಿಯಮಗಳು ಬೇರೆ. ಕೆಲವು ಕಡೆ ನೆರವು ಮನೆಗೇ ಅಂಟಿಕೊಂಡಿರುತ್ತದೆ, ಕುಟುಂಬ ಬಿಟ್ಟರೆ ನೆರವು ಅಲ್ಲೇ ಉಳಿಯುತ್ತದೆ. ತಾಯಿಯದು ಕುಟುಂಬದ ಜೊತೆ ಹೋಗುವ ಕೇಂದ್ರದ ವೋಚರ್. ಇನ್ನು ಅದನ್ನು ನಡೆಸುವ ಕಚೇರಿಯ ‘ಆಡಳಿತ ಯೋಜನೆ’ ಎಂಬ ದಪ್ಪ ಪುಸ್ತಕ. ಕುಟುಂಬ ಒಡೆದಾಗ ನೆರವು ಯಾರ ಬಳಿ ಉಳಿಯಬೇಕು ಎಂಬುದನ್ನು ಕೇಂದ್ರದ ನಿಯಮ ಬಹುಮಟ್ಟಿಗೆ ಆಯಾ ಪ್ರಾಧಿಕಾರಕ್ಕೇ ಬಿಟ್ಟಿದೆ. ಮಕ್ಕಳ, ವೃದ್ಧರ, ಅಂಗವಿಕಲರ ಹಿತ, ಮನೆಯಲ್ಲಿ ಉಳಿದವರು ಯಾರು, ಕೌಟುಂಬಿಕ ಹಿಂಸೆಯ ಕಾರಣಕ್ಕೆ ಹೊರಬಿದ್ದವರಿದ್ದಾರೆಯೇ ಎಂಬುದನ್ನೆಲ್ಲ ಅದು ಪರಿಗಣಿಸಬಹುದು. ಕುಟುಂಬ ಒಡೆದದ್ದೇ ಕೌಟುಂಬಿಕ ಹಿಂಸೆಯಿಂದಾದರೆ ಪೀಡಿತರ ಬಳಿ ನೆರವು ಉಳಿಯುವಂತೆ ಪ್ರಾಧಿಕಾರ ನೋಡಿಕೊಳ್ಳಲೇಬೇಕು, ವಿಚ್ಛೇದನದಲ್ಲಿ ನ್ಯಾಯಾಲಯ ಇಂಥವರಿಗೆ ಎಂದು ಹೇಳಿದ್ದರೆ ಅದಕ್ಕೂ ಅದು ಬದ್ಧ. ಹೀಗಾಗಿ ಪಕ್ಕದ ಊರಿನಲ್ಲಿ ಆದದ್ದು ನಿಮ್ಮ ಊರಿನಲ್ಲಿ ಆಗದಿರಬಹುದು. ಕೆಲವು ಕಚೇರಿಗಳು ಹೊಸದಾಗಿ ಸೇರಿದವರು ಇಂತಿಷ್ಟು ಕಾಲ ಇದ್ದಿರಬೇಕು ಎನ್ನುತ್ತವೆ. ಈ ಕಚೇರಿಯ ಪುಸ್ತಕದಲ್ಲಿ ಅವಧಿಯ ಷರತ್ತು ಇರಲಿಲ್ಲ. ಸಾವಿನ ದಿನ ಒಪ್ಪಿಗೆ ಪಡೆದ ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ.

ಬಾಗಿಲ ಹಿಂದಿನ ಶಾಲೆಯ ಚೀಲ

ನಾವು ಅರ್ಜಿಯ ಕಾಗದಗಳನ್ನು ಜೋಡಿಸುತ್ತಿರುವಾಗಲೇ ಮನೆಯ ತಪಾಸಣೆ ಬಂತು. ವೋಚರ್ ಇರುವ ಮನೆಗಳನ್ನು ಪ್ರಾಧಿಕಾರ ಆಗಾಗ ಬಂದು ನೋಡುತ್ತದೆ: ಹೊಗೆ ಎಚ್ಚರಿಕೆಯ ಯಂತ್ರ ಕೂಗುತ್ತದೆಯೇ, ಕಿಟಕಿಗೆ ಚಿಲಕ ಇದೆಯೇ, ಬಿಸಿನೀರು ಬರುತ್ತದೆಯೇ. ತಪಾಸಕ ಎಲ್ಲವನ್ನೂ ಸರಿಯಿದೆ ಎಂದು ಗುರುತು ಹಾಕಿ, ಕೊನೆಯಲ್ಲಿ ಎರಡು ಸಾಲು ಬರೆದಿದ್ದ. ಎರಡನೆಯ ಕೋಣೆಯಲ್ಲಿ ಮಗುವಿನ ಮಂಚ. ಬಾಗಿಲ ಹಿಂದಿನ ಗೂಟದಲ್ಲಿ ಶಾಲೆಯ ಚೀಲ, ಅದರ ಮೇಲೆ ತರಗತಿಯ ಸಂಖ್ಯೆ.

ಕೆಲವೇ ವಾರಗಳಲ್ಲಿ ನೋಟಿಸು ಬಂತು. ಅನುಮತಿ ಇಲ್ಲದೆ ಬೇರೆಯವರನ್ನು ಇರಿಸಿಕೊಂಡದ್ದು ಕುಟುಂಬದ ಕರ್ತವ್ಯದ ಉಲ್ಲಂಘನೆ, ಆದ್ದರಿಂದ ನೆರವು ನಿಲ್ಲಿಸಲಾಗುವುದು; ಒಪ್ಪಿಗೆ ಇಲ್ಲದಿದ್ದರೆ ಇಂತಿಷ್ಟು ದಿನದೊಳಗೆ ವಿಚಾರಣೆ ಕೇಳಬಹುದು. ಇಂಥ ನೋಟಿಸನ್ನು ನೋಡಿ ಜನ ಮಾಡುವ ಮೊದಲ ಕೆಲಸ ಅದನ್ನು ಫ್ರಿಜ್ಜಿನ ಮೇಲಿಟ್ಟು ಮರೆಯಲು ನೋಡುವುದು. ಗಡುವು ದಾಟಿದರೆ ವಿಚಾರಣೆಯ ಅವಕಾಶವೇ ಹೋಗುತ್ತದೆ. ಮಗಳು ಅದೇ ಸಂಜೆ ಫೋಟೊ ತೆಗೆದು ಕಳಿಸಿದಳು, ಮರುದಿನ ವಿಚಾರಣೆಗೆ ಪತ್ರ ಹೋಯಿತು.

ವಿಚಾರಣೆಗೆ ಮೊದಲು ಕಚೇರಿಯಲ್ಲಿರುವ ದಾಖಲೆಗಳನ್ನು ನೋಡುವ ಹಕ್ಕು ಕುಟುಂಬಕ್ಕಿದೆ. ಕಚೇರಿ ತೋರಿಸಲು ಒಪ್ಪದ ದಾಖಲೆಯನ್ನು ಅದು ವಿಚಾರಣೆಯಲ್ಲಿ ಬಳಸುವಂತಿಲ್ಲ. ತಮ್ಮ ಖರ್ಚಿನಲ್ಲಿ ವಕೀಲರನ್ನೋ ಬೇರೆ ಪ್ರತಿನಿಧಿಯನ್ನೋ ಕರೆದೊಯ್ಯಬಹುದು. ವಿಚಾರಣೆ ನಡೆಸುವವರು ಮೂಲ ತೀರ್ಮಾನ ಮಾಡಿದವರೂ ಆಗಿರಬಾರದು, ಅವರ ಕೈಕೆಳಗಿನವರೂ ಆಗಿರಬಾರದು. ಕಡತ ತೆರೆದಾಗ ನಮಗೆ ಸಿಕ್ಕಿದ್ದು ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಹಿಂದಿನ ವರ್ಷದ ಮರುಪರಿಶೀಲನೆಯ ನಮೂನೆಯಲ್ಲಿ ‘ಮನೆಯಲ್ಲಿ ವಾಸಿಸುವವರು’ ಎಂಬಲ್ಲಿ ತಾಯಿಯ ಹೆಸರೊಂದೇ. ಸಹಿ ಮಾಡಿದ ದಿನಕ್ಕೆ ಅದು ನಿಜವೂ ಆಗಿತ್ತು. ಮಗಳು ಬಂದದ್ದು ಅದಾದ ಎರಡು ವಾರಕ್ಕೆ. ಅಂದರೆ ಸುಳ್ಳು ಹೇಳಿಕೆ ಇಲ್ಲ, ಬದಲಾವಣೆ ತಿಳಿಸದ ತಪ್ಪು ಮಾತ್ರ ಇದೆ. ಈ ಎರಡರ ನಡುವಿನ ಅಂತರ ವಿಚಾರಣೆಯ ಕೋಣೆಯಲ್ಲಿ ಬಹಳ ದೊಡ್ಡದು.

ಮಗ ಸಲಹೆ ಕೊಟ್ಟ: “ತಂಗಿ ವಾರಕ್ಕೊಮ್ಮೆ ಬಂದು ಹೋಗುತ್ತಾಳೆ ಅಂದುಬಿಡೋಣ.” ಮಗುವಿನ ಶಾಲೆಯ ದಾಖಲಾತಿಯಲ್ಲಿ ಇದೇ ಮನೆಯ ವಿಳಾಸವಿತ್ತು. ಸಂಬಳದ ಚೀಟಿಯಲ್ಲೂ ಇತ್ತು. ಇಲ್ಲ ಎನ್ನುವುದು ಮೂರ್ಖತನ ಎಂದು ನಾನು ಖಂಡಿತವಾಗಿ ಹೇಳಿದೆ. ತಪ್ಪನ್ನು ಒಪ್ಪಿಕೊಂಡು, ಅದಕ್ಕೆ ತಕ್ಕ ಶಿಕ್ಷೆ ಯಾವುದು ಎಂಬುದರ ಮೇಲೆ ವಾದ ಮಾಡುವುದೆಂದು ತೀರ್ಮಾನವಾಯಿತು.

ನಿಯಮದಲ್ಲಿ ಅದಕ್ಕೆ ಜಾಗವಿದೆ. ನೆರವು ನಿಲ್ಲಿಸುವ ಮೊದಲು ಪ್ರಾಧಿಕಾರ ತಪ್ಪು ಎಷ್ಟು ಗಂಭೀರ, ಅದರಲ್ಲಿ ಯಾರ ಪಾಲು ಎಷ್ಟು, ಅಂಗವೈಕಲ್ಯ ಅಥವಾ ಕಾಯಿಲೆಯ ಸಂದರ್ಭವೇನು, ತಪ್ಪು ಮಾಡದ ಇತರ ಸದಸ್ಯರ ಗತಿ ಏನಾಗುತ್ತದೆ ಎಂಬುದನ್ನು ಪರಿಗಣಿಸಬಹುದು. ತಾಯಿ ಗಾಲಿ ಕುರ್ಚಿಯಲ್ಲಿ ಕುಳಿತು ಕನ್ನಡದಲ್ಲೇ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ. ವಿಚಾರಣಾಧಿಕಾರಿ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಹಿಂದೆ ಮಕ್ಕಳು ಹೋದಾಗ ಎರಡು ಸಲವೂ ತಿಳಿಸಿದ್ದೀರಿ, ಈ ಸಲ ಏಕೆ ತಿಳಿಸಲಿಲ್ಲ? ತಾಯಿಯ ಉತ್ತರ: “ಹೋದವರನ್ನು ಹೋದರು ಅಂತ ಬರೆಸುವುದು ಸುಲಭ. ಗಂಡನ ಮನೆಯಿಂದ ಬಂದ ಮಗಳನ್ನು ಇನ್ನು ಇಲ್ಲೇ ಇರುತ್ತಾಳೆ ಅಂತ ಬರೆಸುವುದಕ್ಕೆ ಮನಸ್ಸು ಬರಲಿಲ್ಲ.” ಇದನ್ನು ಇಂಗ್ಲಿಷಿಗೆ ತರುವಾಗ ನನ್ನ ಧ್ವನಿ ಸ್ವಲ್ಪ ತಡವರಿಸಿತು ಎಂದು ಮಗಳು ಆಮೇಲೆ ಹೇಳಿದಳು.

ವೈದ್ಯರ ಪತ್ರ, ಡಯಾಲಿಸಿಸ್ ವೇಳಾಪಟ್ಟಿ, ಮಗಳ ಎಲ್ಲ ಸಂಬಳದ ಚೀಟಿಗಳು, ಶಾಲೆಯ ಪತ್ರ, ಇವಿಷ್ಟನ್ನು ಕೊಟ್ಟೆವು. ಲಿಖಿತ ತೀರ್ಪು ಬಂತು. ಉಲ್ಲಂಘನೆ ಆಗಿದೆ, ಆದರೆ ನೆರವು ನಿಲ್ಲಿಸಬೇಕಾಗಿಲ್ಲ. ಮಗಳಿಗೆ ಸಂಬಳ ಬಂದ ಎಂಟು ತಿಂಗಳ ಮಟ್ಟಿಗೆ ವ್ಯತ್ಯಾಸದ ಹಣ ವಾಪಸು ಕಟ್ಟಬೇಕು. ತಿಂಗಳಿಗೆ 720ರಂತೆ 5,760 ಡಾಲರ್. ಒಂದೇ ಸಲ ಕಟ್ಟಲಾಗದು ಎಂದು ಕಂತು ಕೇಳಿದೆವು. ಬಾಡಿಗೆಯ ಪಾಲು ಮತ್ತು ಕಂತು ಎರಡೂ ಸೇರಿ ಆದಾಯದ ಶೇ 40ರೊಳಗೆ ಇರಬೇಕೆಂಬುದು ಎಚ್‌ಯುಡಿ ಮಾರ್ಗಸೂಚಿಯ ಆಶಯ. ತಿಂಗಳಿಗೆ 120ರಂತೆ 48 ಕಂತಿಗೆ ಒಪ್ಪಂದವಾಯಿತು. ಈ ಮೊತ್ತವನ್ನು ಹಿಡಿಯುವಾಗ ತಾಯಿಯ ಪಿಂಚಣಿ ನಿಂತರೂ ಮಗಳೊಬ್ಬಳೇ ಕಟ್ಟಬಲ್ಲಳೇ ಎಂದು ನೋಡಿಯೇ ಹಿಡಿದಿದ್ದೆವು: 720ಕ್ಕೆ 120 ಸೇರಿ 840, ಅವಳ ಸಂಬಳದ ಶೇ 40 ಎಂದರೆ 960.

ಸೇರ್ಪಡೆ, ಸಾವು

ತೀರ್ಪಿನ ನಂತರ ಸೇರ್ಪಡೆಯ ಅರ್ಜಿ ಸಲೀಸಾಗಿ ಸಾಗಿತು. ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಪೊಲೀಸ್ ದಾಖಲೆಯ ಪರಿಶೀಲನೆ, ಮಗು ಮಗಳ ಸುಪರ್ದಿನಲ್ಲಿದೆ ಎಂಬ ನ್ಯಾಯಾಲಯದ ಆದೇಶ. ಆಸ್ತಿಯ ಪ್ರಶ್ನೆಗೆ ಉತ್ತರಿಸುವಾಗ ಭಾರತದಲ್ಲಿರುವುದನ್ನೂ ಹೇಳಬೇಕು. ತಾಯಿ ಹಾಸನದ ಪಿತ್ರಾರ್ಜಿತ ಮನೆಯ ಪಾಲನ್ನು ಎಂದೋ ತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದರು, ಹಕ್ಕುಬಿಡುಗಡೆ ಪತ್ರವೂ ಆ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು.

ಮಗಳ ಬಳಿ ಗ್ರೀನ್ ಕಾರ್ಡ್ ಇತ್ತು, ಮಗು ಇಲ್ಲೇ ಹುಟ್ಟಿದ ನಾಗರಿಕ. ಆದ್ದರಿಂದ ವಲಸೆಯ ತೊಡಕು ಬರಲಿಲ್ಲ. ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ಎಚ್-1ಬಿ ವೀಸಾದಲ್ಲಿರುವ ಅಳಿಯ, ಪ್ರವಾಸಿ ವೀಸಾದಲ್ಲಿ ಬಂದ ಅತ್ತೆ ಈ ನೆರವಿಗೆ ಅರ್ಹರಲ್ಲ. ಕುಟುಂಬದಲ್ಲಿ ಅರ್ಹರೂ ಅನರ್ಹರೂ ಬೆರೆತಿದ್ದರೆ ನೆರವು ಅರ್ಹರ ಪ್ರಮಾಣಕ್ಕೆ ತಕ್ಕಂತೆ ಕತ್ತರಿಸಿ ಬರುತ್ತದೆ. ಹಾಗೆಯೇ ಇನ್ನೊಂದು ಮಾತನ್ನು ನಮ್ಮ ಹಿರಿಯರಿಗೆ ಹೇಳಬೇಕು: ಚಳಿಗೆ ಹೆದರಿ ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿ ಆರು ತಿಂಗಳು ಕೂರುವ ಅಭ್ಯಾಸವಿದ್ದವರು ಎಚ್ಚರವಾಗಿರಬೇಕು. ಮನೆಯಲ್ಲಿ ಯಾರೂ ಇಲ್ಲದೆ ಸತತ 180 ದಿನ ಮೀರಿದರೆ ನೆರವು ನಿಲ್ಲುತ್ತದೆ, ಕಚೇರಿ ಅದಕ್ಕಿಂತ ಕಡಿಮೆ ಮಿತಿಯನ್ನೂ ಇಡಬಹುದು.

ಮನೆ ಮಾಲೀಕ ಮೊದಲು ಗೊಣಗಿದ. ನೀರಿನ ಬಿಲ್ಲು ಹೆಚ್ಚುತ್ತದೆ ಎಂದ. ಎಂಟು ವರ್ಷದಿಂದ ತಡವಿಲ್ಲದೆ ಬಾಡಿಗೆ ಬಂದ ಮನೆ ಎಂಬುದು ನೆನಪಾದ ಮೇಲೆ ಒಪ್ಪಿಗೆ ಪತ್ರ ಕೊಟ್ಟ. ಬಾಡಿಗೆ ಕರಾರಿನಲ್ಲೂ ಮಗಳ, ಮಗುವಿನ ಹೆಸರು ಸೇರಿತು.

ಐದನೆಯ ತಿಂಗಳು ತಾಯಿ ತೀರಿಕೊಂಡರು.

ಹದಿಮೂರನೆಯ ದಿನ ಕಳೆಯುವವರೆಗೆ ಕಾಯಬೇಡಿ ಎಂದು ನಾನೇ ಹೇಳಬೇಕಾಯಿತು. ಕಚೇರಿಗೆ ತಿಳಿಸುವುದು ತಡವಾದರೆ ಅದೂ ಉಲ್ಲಂಘನೆ. ಕಚೇರಿಗಂತೂ ಸರ್ಕಾರದ ದತ್ತಾಂಶದಿಂದ ಮೃತರ ಪಟ್ಟಿ ತಾನಾಗಿ ಬರುತ್ತದೆ. ಮಗಳು ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಒಂದು ಪುಟದ ಪತ್ರ ಕೊಟ್ಟಳು: ನಾನು ಒಪ್ಪಿಗೆ ಪಡೆದ ಪಟ್ಟಿಯಲ್ಲಿರುವ ಉಳಿದ ಸದಸ್ಯೆ, ನನ್ನನ್ನು ಕುಟುಂಬದ ಮುಖ್ಯಸ್ಥೆ ಎಂದು ದಾಖಲಿಸಿ. ಉಯಿಲನ್ನು ಲಗತ್ತಿಸಲಿಲ್ಲ. ಆದಾಯವನ್ನು ಹೊಸದಾಗಿ ಲೆಕ್ಕ ಹಾಕಿದರು, ಅವಳ ಪಾಲು 720 ಆಯಿತು, ಸರ್ಕಾರದ್ದು 1,180. ಎರಡು ಕೋಣೆ ಉಳಿಯುತ್ತದೆಯೇ ಎಂಬ ಅನುಮಾನ ಒಂದಿತ್ತು, ಏಕೆಂದರೆ ಜನ ಕಡಿಮೆಯಾದಾಗ ವೋಚರಿನ ಗಾತ್ರವೂ ಇಳಿಯಬಹುದು. ಮುಖ್ಯಸ್ಥೆಗೆ ಒಂದು ಕೋಣೆ, ಮಗುವಿಗೆ ಇನ್ನೊಂದು ಎಂದು ಆ ಕಚೇರಿಯ ಪುಸ್ತಕವೇ ಹೇಳುತ್ತಿದ್ದುದರಿಂದ ಅದೂ ಉಳಿಯಿತು. ಮಾಲೀಕ ಅವಳ ಹೆಸರಿಗೆ ಹೊಸ ಕರಾರು ಮಾಡಿಕೊಟ್ಟ. ವೋಚರ್ ಇದೆ ಎಂಬ ಕಾರಣಕ್ಕೆ ಬಾಡಿಗೆದಾರರನ್ನು ತಿರಸ್ಕರಿಸುವುದು ನ್ಯೂಜೆರ್ಸಿಯ ತಾರತಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂಬುದನ್ನು ಅವನಿಗೆ ನೆನಪಿಸುವ ಅಗತ್ಯ ಬೀಳಲಿಲ್ಲ.

ಕಂತುಗಳು ನಡೆಯುತ್ತಿವೆ. ತಾಯಿಯ ಸಾಲ ತಾಯಿಯೊಂದಿಗೇ ಹೋಗಬೇಕಲ್ಲವೇ ಎಂದು ಮಗ ಕೇಳಿದ. ಒಪ್ಪಂದಕ್ಕೆ ತಂಗಿಯೂ ಸಹಿ ಹಾಕಿದ್ದಾಳೆ, ಆ ಸಾಲ ಹುಟ್ಟಿದ್ದೂ ಅವಳ ಆದಾಯದ ಮೇಲೆ. ಕಟ್ಟದಿದ್ದರೆ ಅದೇ ಕಾರಣಕ್ಕೆ ನೆರವು ನಿಲ್ಲಿಸಬಹುದು.

ಈಚೆಗೆ ಅವನು ನ್ಯೂಜೆರ್ಸಿಗೇ ಕೆಲಸ ಬದಲಿಸಿಕೊಂಡು ತಂಗಿಯ ಜೊತೆ ಇರುವ ಯೋಚನೆಯಲ್ಲಿದ್ದಾನೆ. “ಒಂಟಿಯಾಗಿದ್ದೀಯಲ್ಲ, ಮಗುವಿಗೂ ಸೋದರಮಾವ ಹತ್ತಿರವಿದ್ದ ಹಾಗಾಗುತ್ತದೆ” ಎಂದನಂತೆ. ಅವಳು ವಾಟ್ಸ್ಆ್ಯಪ್‌ನಲ್ಲಿ ಅವನಿಗೆ ಉತ್ತರ ಬರೆದು ನನಗೂ ಒಂದು ಪ್ರತಿ ಕಳಿಸಿದ್ದಳು: “ಅಣ್ಣಾ, ನಿನ್ನ 5,500, ನನ್ನ 2,400. ಒಟ್ಟು 7,900. ಅದರ ಶೇ 30 ಎಂದರೆ 2,370. ಬಾಡಿಗೆ 1,900. ನೀನು ಬಂದು ಆರು ತಿಂಗಳಿಗೆ ವೋಚರ್ ಹೋಗುತ್ತದೆ. ಎರಡು ಬೀದಿ ಆಚೆ ಮನೆ ಖಾಲಿ ಇದೆ, ವಿಚಾರಿಸಿದ್ದೇನೆ. ಹಬ್ಬಕ್ಕೆ ಬಂದು ಹದಿನಾಲ್ಕು ದಿನ ಇರಬಹುದು, ಅಷ್ಟಕ್ಕೆ ಕಚೇರಿಯ ಪುಸ್ತಕದಲ್ಲಿ ಅಡ್ಡಿಯಿಲ್ಲ.”